ಇಂಟರ್ನ್‌ಶಿಪ್ ಸಿಕ್ಕಿತು ಸರಿ, ಕಲಿಸುವವರು ಯಾರು?



ಮೇ ತಿಂಗಳು ಬಂತೆಂದರೆ ಟೆಕ್ಸಾಸಿನ ನಮ್ಮ ಮನೆಗಳಲ್ಲಿ ಮಾವಿನಹಣ್ಣಿನ ಪೆಟ್ಟಿಗೆಯ ಜೊತೆಗೆ ಇನ್ನೊಂದು ಮಾತೂ ಶುರುವಾಗುತ್ತದೆ. "ನಿಮ್ಮ ಹುಡುಗನಿಗೆ ಇಂಟರ್ನ್‌ಶಿಪ್ ಎಲ್ಲಿ ಸಿಕ್ತು?" ಸಿಕ್ಕಿದ್ದರೆ ಮನೆಯಲ್ಲಿ ಪಾಯಸ, ಊರಿಗೆ ಫೋನು. ಆದರೆ ಜೂನ್ ಅರ್ಧ ಕಳೆಯುವ ಹೊತ್ತಿಗೆ ಕೆಲವು ಮಕ್ಕಳ ಮುಖ ಸಪ್ಪೆಯಾಗಿರುತ್ತದೆ. ಕೇಳಿದರೆ, "ಅಲ್ಲಿ ಯಾರೂ ಏನೂ ಹೇಳಿಕೊಡಲ್ಲಮ್ಮ, ಸುಮ್ಮನೆ ಕೂತು ಬರ್ತೀನಿ" ಎನ್ನುತ್ತಾರೆ. ಆಗ ಅಪ್ಪ ಅಮ್ಮ ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ಅಡ್ಜಸ್ಟ್ ಮಾಡ್ಕೊಂಡು ಹೋಗಪ್ಪ, ಎರಡು ತಿಂಗಳ ಮಾತು. ಯಾರಿಗೂ ಎದುರು ಮಾತಾಡಬೇಡ."

ಈ ಮಾತು ಪ್ರೀತಿಯಿಂದ ಬಂದದ್ದೇ, ಆದರೂ ನಾವು ಒಪ್ಪುವುದಿಲ್ಲ. ಸುಮ್ಮನಿದ್ದರೆ ಒಂದು ಬೇಸಿಗೆ ಹಾಳಾಗುವುದಷ್ಟೇ ಅಲ್ಲ, ಕೆಲವರ ವೀಸಾಕ್ಕೂ ಪೆಟ್ಟು ಬೀಳಬಹುದು.

ನಾವು ಮೂವರು ಸ್ನೇಹಿತರು. ಕಂಪ್ಯೂಟರ್ ಸೈನ್ಸಿನಲ್ಲಿ ಎಂ.ಎಸ್. ಮುಗಿಸಿ ಈಗ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಊರುಗಳಲ್ಲಿ ಒಬ್ಬೊಬ್ಬರು ಸಾಫ್ಟ್‌ವೇರ್ ಕೆಲಸದಲ್ಲಿದ್ದೇವೆ. ಮೂವರಿಗೂ ಮೂವತ್ತು ದಾಟಿದೆ. ವಕೀಲರಲ್ಲ, ಆದ್ದರಿಂದ ಕೆಳಗಿನ ಕಾನೂನಿನ ಮಾತುಗಳನ್ನು ಇಂಜಿನಿಯರುಗಳು ಓದಿ ತಿಳಿದುಕೊಂಡ ಮಾತು ಅಂತಲೇ ಓದಿಕೊಳ್ಳಿ.

ನಮ್ಮಲ್ಲಿ ಇಬ್ಬರು ಓದುವ ಕಾಲದಲ್ಲಿ ಒಂದೇ ಬೇಸಿಗೆಗೆ ಆಸ್ಟಿನ್ನಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಇಂಟರ್ನ್‌ಗಳಾಗಿ ಸೇರಿದ್ದೆವು. ಹೆಸರು ಬೇಡ ಬಿಡಿ. ನಮ್ಮನ್ನು ಇಂಟರ್‌ವ್ಯೂ ಮಾಡಿ ಆರಿಸಿಕೊಂಡಿದ್ದ ಮ್ಯಾನೇಜರ್, ನಾವು ಸೇರುವ ಹಿಂದಿನ ಶುಕ್ರವಾರವೇ ಕೆಲಸ ಬಿಟ್ಟಿದ್ದರು. ಅವರ ಜಾಗಕ್ಕೆ ಬಂದವರನ್ನು ನಾಲ್ಕನೇ ವಾರ ಬೇರೆ ವಿಭಾಗಕ್ಕೆ ಹಾಕಿದರು. ಮೂರನೆಯವರಿಗೆ ನಾವು ಇಂಟರ್ನ್‌ಗಳು ಎಂದೇ ಗೊತ್ತಿರಲಿಲ್ಲ. ಟೆಸ್ಟಿಂಗ್‌ಗೆ ಬಂದ ಕಾಂಟ್ರಾಕ್ಟರ್‌ಗಳು ಅಂದುಕೊಂಡು "ನಿಮ್ಮ ಬಿಲ್ ಯಾರಿಗೆ ಕಳಿಸ್ತೀರಿ?" ಎಂದು ಕೇಳಿದ್ದರು! ಕಂಪನಿಯ ಕೋಡ್ ನೋಡಲು ಪಾಸ್‌ವರ್ಡ್ ಸಿಕ್ಕಿದ್ದು ಹದಿನಾರನೇ ದಿನ. ಆಮೇಲೆ ಮೂರು ವಾರ ಕೂತು ಒಂದು ರಿಪೋರ್ಟ್ ಪುಟ ಬರೆದೆವು. ಮುಗಿಸಿ ತೋರಿಸಿದಾಗ, ಆ ಪುಟ ಬೇಡವೆಂದು ಗ್ರಾಹಕರು ಮಾರ್ಚ್ ತಿಂಗಳಲ್ಲೇ ಹೇಳಿದ್ದರು ಎಂದು ತಿಳಿಯಿತು.

ಹಾಗಂತ ಅಲ್ಲಿ ಯಾರೂ ಕೆಟ್ಟವರಿರಲಿಲ್ಲ. ಶುಕ್ರವಾರ ಪಿಜ್ಜಾ ತರಿಸುತ್ತಿದ್ದರು, ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸುತ್ತಿದ್ದರು, ಎಲ್ಲರೂ ನಗುತ್ತಲೇ ಮಾತಾಡುತ್ತಿದ್ದರು. ಆಡಳಿತ ಹದಗೆಟ್ಟ ಕಂಪನಿಯೆಂದರೆ ಬೈಯುವ ಬಾಸ್ ಇರುವ ಕಂಪನಿ ಎಂಬ ಕಲ್ಪನೆ ನಮ್ಮಲ್ಲಿದೆ. ಬೈಯುವ ಬಾಸ್ ಕಡೇ ಪಕ್ಷ ನಿಮ್ಮ ಕೆಲಸ ನೋಡಿರುತ್ತಾರೆ. ನಮ್ಮ ಕೆಲಸವನ್ನು ನೋಡಬೇಕಾದವರು ಯಾರು ಎಂಬುದೇ ಅಲ್ಲಿ ತೀರ್ಮಾನವಾಗಿರಲಿಲ್ಲ. ಇಂಟರ್ನ್ ಅಂದರೆ ಕಲಿಯಲು ಬಂದವನು ತಾನೇ? ಅವನ ಕಲಿಕೆಗೆ ಇಂಥವರೇ ಜವಾಬ್ದಾರರು ಎಂದು ಬೆರಳು ತೋರಿಸಲಾಗದ ಕಂಪನಿಯ ಹೆಸರು ಎಷ್ಟು ದೊಡ್ಡದಾಗಿದ್ದರೂ ನಮ್ಮ ಲೆಕ್ಕದಲ್ಲಿ ಅದು ಆಡಳಿತ ಸರಿಯಿಲ್ಲದ ಕಂಪನಿಯೇ.

ಹೆಸರಿನ ಮಾತು ಬಂದದ್ದಕ್ಕೆ ಹ್ಯೂಸ್ಟನ್ನಿನವರು ಮರೆಯಲಾಗದ ಎನ್ರಾನ್ ನೆನಪಾಗುತ್ತದೆ. 1985ರಲ್ಲಿ ಎರಡು ಗ್ಯಾಸ್ ಪೈಪ್‌ಲೈನ್ ಕಂಪನಿಗಳು ಸೇರಿ ಹುಟ್ಟಿದ ಸಂಸ್ಥೆ ಅದು. 1996ರಿಂದ 2001ರವರೆಗೆ ಸತತ ಆರು ವರ್ಷ 'ಫಾರ್ಚೂನ್' ಪತ್ರಿಕೆ ಅದನ್ನು ಅಮೆರಿಕದ ಅತ್ಯಂತ ನವೀನ ಕಂಪನಿ ಎಂದು ಕರೆಯಿತು. 2000ದ ಆಗಸ್ಟ್‌ನಲ್ಲಿ ಅದರ ಒಂದು ಷೇರಿಗೆ 90 ಡಾಲರ್ ಬೆಲೆಯಿತ್ತು. ದೊಡ್ಡ ದೊಡ್ಡ ಕಾಲೇಜುಗಳಿಂದ ಎಂಬಿಎ ಮಾಡಿದವರನ್ನು ವರ್ಷಕ್ಕೆ ನೂರಾರು ಸಂಖ್ಯೆಯಲ್ಲಿ ತೆಗೆದುಕೊಳ್ಳುತ್ತಿದ್ದರು. ಡೌನ್‌ಟೌನಿನ ಸ್ಮಿತ್ ಸ್ಟ್ರೀಟಿನ ಆ ಐವತ್ತು ಮಹಡಿಯ ಕಟ್ಟಡದೊಳಗೆ ಕಾಲಿಡುವುದೇ ಭಾಗ್ಯ ಎಂದುಕೊಳ್ಳುತ್ತಿದ್ದ ಕಾಲ.

ಒಳಗಿನ ವ್ಯವಸ್ಥೆ ಹೇಗಿತ್ತು? ಜೆಫ್ರಿ ಸ್ಕಿಲ್ಲಿಂಗ್ ತಂದ ಪರ್ಫಾರ್ಮೆನ್ಸ್ ರಿವ್ಯೂ ಕಮಿಟಿ ಎಂಬುದೊಂದಿತ್ತು. ಆರು ತಿಂಗಳಿಗೊಮ್ಮೆ ನೌಕರರಿಗೆ 1ರಿಂದ 5ರವರೆಗೆ ಅಂಕ ಹಾಕುತ್ತಿದ್ದರು. ಕೊನೆಯ ದರ್ಜೆಗೆ ಇಷ್ಟು ಪಾಲು ಜನ ಬೀಳಲೇಬೇಕು, ಬಿದ್ದವರ ಕೆಲಸ ಉಳಿಯುವುದು ಕಷ್ಟ. ಈಗ ನೀವೇ ಯೋಚಿಸಿ. ಪಕ್ಕದ ಮೇಜಿನ ಹೊಸ ಹುಡುಗನಿಗೆ ಚೆನ್ನಾಗಿ ಕಲಿಸಿದರೆ ಅವನು ಮೇಲೆ ಹೋಗಿ ನಾನು ಕೆಳಗೆ ಬೀಳಬಹುದು ಎಂದಿದ್ದರೆ ಯಾರಾದರೂ ಕಲಿಸುತ್ತಾರೆಯೇ? ಪರೀಕ್ಷೆಯ ಹಾಲಿನಲ್ಲಿ ಪಾಠ ಹೇಳಿಕೊಡುವವರು ಯಾರೂ ಇರುವುದಿಲ್ಲ.

ಇನ್ನೊಂದು ಸಂಗತಿ ಸಿನಿಮಾದಂತಿದೆ. 1998ರಲ್ಲಿ ವಾಲ್ ಸ್ಟ್ರೀಟಿನ ವಿಶ್ಲೇಷಕರು ಕಂಪನಿ ನೋಡಲು ಬಂದಾಗ, ಭರಾಟೆಯಿಂದ ವ್ಯಾಪಾರ ನಡೆಯುತ್ತಿರುವಂತೆ ಕಾಣಲೆಂದು ಒಂದು ಮಹಡಿಯನ್ನೇ ಸಜ್ಜು ಮಾಡಿ, ಸೆಕ್ರೆಟರಿಗಳು ಸೇರಿದಂತೆ ನೌಕರರನ್ನು ತಂದು ಕೂರಿಸಿ, ಫೋನಿನಲ್ಲಿ ಮಾತಾಡುತ್ತಿರುವಂತೆ ನಟಿಸಲು ಹೇಳಿದ್ದರು. ಇದು ಹೊರಬಂದದ್ದು ಕಂಪನಿ ಮುಳುಗಿದ ಮೇಲೆ, 2002ರಲ್ಲಿ. 2001ರ ಆಗಸ್ಟ್‌ನಲ್ಲಿ ಸ್ಕಿಲ್ಲಿಂಗ್ ರಾಜೀನಾಮೆ ಕೊಟ್ಟರು, ಡಿಸೆಂಬರ್ 2ಕ್ಕೆ ಕಂಪನಿ ದಿವಾಳಿ ಅರ್ಜಿ ಹಾಕಿತು, ಮರುದಿನ ಹ್ಯೂಸ್ಟನ್ನಿನಲ್ಲಿ ಸುಮಾರು 4,000 ಜನ ಪೆಟ್ಟಿಗೆ ಹಿಡಿದು ಹೊರಬಂದರು. (ಕೆಲಸ ಹೋದ ಎಚ್-1ಬಿ ನೌಕರರಿಗೆ 60 ದಿನದವರೆಗಿನ ಗಡುವು ಎಂಬ ನಿಯಮ ಬಂದದ್ದು 2017ರಲ್ಲಿ. 2001ರಲ್ಲಿ ಅದೂ ಇರಲಿಲ್ಲ.) ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ಎಂಟು ವಾರಕ್ಕೆ ಹೋದ ಹುಡುಗನಿಗೆ ಲೆಕ್ಕಪತ್ರದ ಮೋಸ ಗೊತ್ತಾಗುವುದು ಸಾಧ್ಯವೇ ಇಲ್ಲ. ಅವನು ನೋಡಬಹುದಾದದ್ದು ತನ್ನ ಮೇಜಿನ ಸುತ್ತ ಏನು ನಡೆಯುತ್ತದೆ ಎಂಬುದನ್ನು ಮಾತ್ರ. ಅಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳಿಕೊಡುತ್ತಾರೋ ಇಲ್ಲವೋ ಎಂಬುದು ಮೊದಲ ವಾರವೇ ಕಾಣುತ್ತದೆ.

ಇದಕ್ಕೆ ಸರಿಯಾಗಿ ಎದುರಿನ ಕತೆ ಡಲ್ಲಾಸಿನದು, ಅದೂ ಬೇಸಿಗೆಯದೇ. 1958ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ಗೆ ಜ್ಯಾಕ್ ಕಿಲ್ಬಿ ಎಂಬ 34 ವರ್ಷದ ಇಂಜಿನಿಯರ್ ಹೊಸದಾಗಿ ಸೇರಿದ್ದರು. ಇಂಟರ್ನ್ ಅಲ್ಲ, ಬೇರೆ ಕಡೆ ಹತ್ತು ವರ್ಷ ದುಡಿದು ಬಂದವರು. ಆದರೆ ಹೊಸಬರಾದ್ದರಿಂದ ಅವರಿಗೆ ರಜೆ ಇನ್ನೂ ಜಮೆಯಾಗಿರಲಿಲ್ಲ. ಜುಲೈನಲ್ಲಿ ಇಡೀ ಕಂಪನಿ ಒಟ್ಟಿಗೆ ರಜೆಗೆ ಹೋದಾಗ ಲ್ಯಾಬಿನಲ್ಲಿ ಹೆಚ್ಚುಕಡಿಮೆ ಒಬ್ಬರೇ ಉಳಿದರು. ಟ್ರಾನ್ಸಿಸ್ಟರ್, ರೆಸಿಸ್ಟರ್, ಕೆಪಾಸಿಟರ್ ಎಲ್ಲವನ್ನೂ ಒಂದೇ ಅರೆವಾಹಕದ ತುಂಡಿನಲ್ಲಿ ಮಾಡಬಹುದೆಂದು ಜುಲೈ 24ರಂದು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಇಷ್ಟು ಕತೆ ಎಲ್ಲರಿಗೂ ಗೊತ್ತು, "ನೋಡು, ಒಬ್ಬನೇ ಕೂತು ಕಂಡುಹಿಡಿದ" ಎಂದು ಮಕ್ಕಳಿಗೆ ಹೇಳುತ್ತೇವೆ. ಮುಂದಿನ ಭಾಗವನ್ನು ಯಾರೂ ಹೇಳುವುದಿಲ್ಲ. ರಜೆ ಮುಗಿಸಿ ಬಂದ ಅವರ ಮೇಲಧಿಕಾರಿ ವಿಲ್ಲಿಸ್ ಆಡ್‌ಕಾಕ್ ಆ ನೋಟ್‌ಬುಕ್ ಓದಿದರು, ಪ್ರಶ್ನೆ ಕೇಳಿದರು, ಮಾಡಿ ತೋರಿಸು ಎಂದು ಅವಕಾಶ ಕೊಟ್ಟರು. ಸೆಪ್ಟೆಂಬರ್ 12ಕ್ಕೆ ಮೊದಲ ಇಂಟಿಗ್ರೇಟೆಡ್ ಸರ್ಕ್ಯೂಟ್ ಕೆಲಸ ಮಾಡಿತು. ಕಿಲ್ಬಿಯವರಿಗೆ 2000ದಲ್ಲಿ ನೊಬೆಲ್ ಬಂತು. ಆಡ್‌ಕಾಕ್ ಮುಂದೆ ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾದರು. ಖಾಲಿ ಲ್ಯಾಬ್, ಕೇಳುವವರಿಲ್ಲದ ಎರಡು ವಾರ ನಮಗೂ ಸಿಕ್ಕಿತ್ತು. ನೋಟ್‌ಬುಕ್ ಓದುವವರು ಸಿಗಲಿಲ್ಲ, ಅಷ್ಟೇ ವ್ಯತ್ಯಾಸ. (ನೊಬೆಲ್ ವಿಷಯ ಬೇರೆ ಬಿಡಿ!)

ಓದುವವರು ತಾವಾಗಿ ಬರದಿದ್ದರೆ ಹುಡುಕಿಕೊಳ್ಳಬೇಕು. ನಮ್ಮ ಸಾಲಿನ ಮೂಲೆಯಲ್ಲಿ ಹಿರಿಯ ಇಂಜಿನಿಯರ್ ಒಬ್ಬರಿದ್ದರು, ನಮ್ಮ ಟೀಮಿನವರಲ್ಲ. "ಮಂಗಳವಾರ ಅರ್ಧ ಗಂಟೆ ಕೊಡ್ತೀರಾ?" ಎಂದು ಕೇಳಿದೆವು. ಪ್ರತಿ ಮಂಗಳವಾರ ಒಂದೇ ಹಾಳೆಯಲ್ಲಿ ಪ್ರಶ್ನೆ ಬರೆದುಕೊಂಡು ಹೋಗುತ್ತಿದ್ದೆವು. ಬಗ್ ಬಂದಾಗ ಲಾಗ್ ಫೈಲನ್ನು ಎಲ್ಲಿಂದ ಓದಬೇಕು ಎಂಬುದನ್ನು ಅವರಿಂದ ಕಲಿತೆವು. ಇವತ್ತಿಗೂ ಅನ್ನ ಹಾಕುತ್ತಿರುವ ವಿದ್ಯೆ ಅದು. ಜೊತೆಗೆ ದಿನಕ್ಕೆ ನಾಲ್ಕು ಸಾಲಿನ ಡೈರಿ: ಏನು ಕೆಲಸ ಕೊಟ್ಟರು, ಯಾರು ಕೊಟ್ಟರು, ಎಷ್ಟು ಹೊತ್ತು ಮಾಡಿದೆವು, ಯಾವುದಕ್ಕಾಗಿ ಕಾಯುತ್ತಿದ್ದೇವೆ. ಒಂದು ಎಚ್ಚರ. ಡೈರಿ ನಿಮ್ಮದು, ಕೋಡ್ ಕಂಪನಿಯದು. ಸಾಕ್ಷಿಗೆ ಇರಲಿ ಎಂದು ಕಂಪನಿಯ ಫೈಲುಗಳನ್ನು ಮನೆಯ ಲ್ಯಾಪ್‌ಟಾಪಿಗೆ ಕಳಿಸಿಕೊಂಡರೆ ತಪ್ಪು ನಿಮ್ಮ ತಲೆಗೇ ಬರುತ್ತದೆ.

ಇನ್ನು ವೀಸಾ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಈ ಭಾಗ ಬೇಕಿಲ್ಲ. ಆದರೆ ಹುಬ್ಬಳ್ಳಿಯಿಂದಲೋ ಹಾಸನದಿಂದಲೋ ಓದಲು ಬಂದು, ವಾರಾಂತ್ಯಕ್ಕೆ ನಿಮ್ಮ ಮನೆಗೆ ಊಟಕ್ಕೆ ಬರುವ ಅಕ್ಕನ ಮಗ, ಗೆಳೆಯರ ಮಗಳು ಇದ್ದಾರಲ್ಲ, ಅವರಿಗೆ ಓದಿ ಹೇಳಿ.

ಎಫ್-1 ವೀಸಾದಲ್ಲಿ ಓದುತ್ತಿರುವಾಗ ಮಾಡುವ ಇಂಟರ್ನ್‌ಶಿಪ್ ಸಾಮಾನ್ಯವಾಗಿ ಸಿಪಿಟಿ ಎಂಬ ಅನುಮತಿಯ ಮೇಲೆ ನಡೆಯುತ್ತದೆ. ಅದನ್ನು ಕೊಡುವವರು ವಿಶ್ವವಿದ್ಯಾಲಯದ ಡಿಎಸ್‌ಒ, ಅಂದರೆ ವಿದೇಶಿ ವಿದ್ಯಾರ್ಥಿಗಳ ದಾಖಲೆ ನೋಡಿಕೊಳ್ಳುವ ಅಧಿಕಾರಿ. ಅನುಮತಿಯಲ್ಲಿ ಯಾವ ಕಂಪನಿ, ಯಾವ ತಾರೀಕಿನಿಂದ ಯಾವ ತಾರೀಕಿಗೆ ಎಂದು ಬರೆದಿರುತ್ತದೆ. ಈ ಕಂಪನಿ ಸರಿಯಿಲ್ಲ ಎಂದು ಸೋಮವಾರ ಬಿಟ್ಟು ಮಂಗಳವಾರ ಇನ್ನೊಂದಕ್ಕೆ ಹೋಗುವಂತಿಲ್ಲ. ಹೊಸ ಕಂಪನಿಯ ಹೆಸರಿಗೆ ಹೊಸ ಅನುಮತಿ ಬರುವವರೆಗೆ ಒಂದು ದಿನವೂ ಕೆಲಸ ಮಾಡಬಾರದು. ಪೂರ್ಣಾವಧಿ ಸಿಪಿಟಿಯನ್ನು 12 ತಿಂಗಳು ಬಳಸಿಬಿಟ್ಟರೆ ಅದೇ ಡಿಗ್ರಿಗೆ ಮುಂದೆ ಓಪಿಟಿ ಸಿಗುವುದಿಲ್ಲ. ಹಾಗಾಗಿ ಏನೂ ಕಲಿಸದ ಕಡೆ ಕಳೆದ ತಿಂಗಳುಗಳೂ ಲೆಕ್ಕಕ್ಕೆ ಸೇರುತ್ತವೆ. ಸರಿಹೋಗುತ್ತಿಲ್ಲ ಎನಿಸಿದ ಮೊದಲ ಹದಿನೈದು ದಿನದೊಳಗೆ ಡಿಎಸ್‌ಒ ಹತ್ತಿರ ಹೋಗಿ ಮಾತಾಡುವುದು ಕ್ಷೇಮ. ಅವರ ಹತ್ತಿರ ಹೋದರೆ ತೊಂದರೆಯಾಗುತ್ತದೆ ಎಂಬ ಭಯ ನಮ್ಮ ಹುಡುಗರಲ್ಲಿ ಯಾಕೋ ಬೇರೂರಿದೆ. ನಿಜವಾದ ತೊಂದರೆ ಬರುವುದು ಹೇಳದೆ ಬಿಟ್ಟಾಗ.

ಡಿಗ್ರಿ ಮುಗಿದ ಮೇಲಿನ ಓಪಿಟಿಯಲ್ಲಿ ಗಡಿಯಾರ ಇನ್ನೂ ಬಿಗಿ. 12 ತಿಂಗಳ ಆ ಅವಧಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ವಿಜ್ಞಾನ, ಇಂಜಿನಿಯರಿಂಗ್ ಓದಿದವರಿಗೆ ಇನ್ನೂ 24 ತಿಂಗಳು ಸೇರಿಸುವ ಸ್ಟೆಮ್ ಓಪಿಟಿ 2016ರಿಂದ ಇದೆ. (2008ರಲ್ಲಿ ಬಂದಾಗ ಅದು 17 ತಿಂಗಳಿತ್ತು.) ಅದು ಸಿಕ್ಕರೆ ಎರಡೂ ಅವಧಿ ಸೇರಿ 150 ದಿನ. ಈ ಭಯದಿಂದಲೇ ಎಷ್ಟೋ ಮಕ್ಕಳು ಸಂಬಳ ಬರದ, ಕೆಲಸ ಕೊಡದ ಕಂಪನಿಗಳಿಗೆ ಅಂಟಿಕೊಂಡಿರುತ್ತಾರೆ. ಆದರೆ ಸ್ಟೆಮ್ ಓಪಿಟಿಯ ಐ-983 ಫಾರಂ ಒಮ್ಮೆ ಪೂರ್ತಿ ಓದಿ ನೋಡಿ. ವಿದ್ಯಾರ್ಥಿ ಏನು ಕಲಿಯಬೇಕು, ಕಂಪನಿಯಲ್ಲಿ ಯಾರು ಮೇಲ್ವಿಚಾರಕರು, ಕಲಿತದ್ದನ್ನು ಹೇಗೆ ಅಳೆಯುತ್ತಾರೆ ಎಂದು ಬರೆದು ಕಂಪನಿ ಸಹಿ ಹಾಕಬೇಕು. ಮೊದಲ ವರ್ಷದೊಳಗೆ ಒಂದು, ಕೊನೆಗೆ ಒಂದು ಮೌಲ್ಯಮಾಪನ ಹೋಗಬೇಕು. ಯೋಜನೆ ಗಣನೀಯವಾಗಿ ಬದಲಾದರೆ ತಿದ್ದಿದ ಫಾರಂ ಡಿಎಸ್‌ಒಗೆ ಕೊಡಬೇಕು. ವಾರಕ್ಕೆ ಕನಿಷ್ಠ 20 ಗಂಟೆ ಕೆಲಸ, ಸಂಬಳ ಕೊಡಲೇಬೇಕು. ಅಂದರೆ ಕಲಿಸುವವರು ಯಾರು ಎಂಬ ಪ್ರಶ್ನೆಯನ್ನು ಸರ್ಕಾರವೇ ಫಾರಂನಲ್ಲಿ ಅಚ್ಚು ಹಾಕಿಸಿದೆ. ಮ್ಯಾನೇಜರ್ ಬದಲಾದಾಗ "ಸಾರ್, ಈ ಫಾರಂ ಪ್ರಕಾರ ಈಗ ನನ್ನ ಮೇಲ್ವಿಚಾರಕರು ಯಾರು?" ಎಂದು ವಿನಯದಿಂದ ಕೇಳಿ ನೋಡಿ. ಇಂಟರ್ನ್‌ಗೆ ಸಿಗದ ಉತ್ತರ ಎಷ್ಟೋ ಸಲ ಈ ಫಾರಂಗೆ ಸಿಗುತ್ತದೆ. ಈ ನಿಯಮಗಳು ಆಗಾಗ ಬದಲಾಗುವಂಥವು, ಹೆಜ್ಜೆ ಇಡುವ ಮುಂಚೆ ಡಿಎಸ್‌ಒ ಬಾಯಿಂದಲೇ ಕೇಳಿಕೊಳ್ಳಿ.

ಡಲ್ಲಾಸಿನ ನಮ್ಮ ಗೆಳೆಯನಿಗೆ ಎದುರಾದದ್ದು ಬೇರೆ ಥರದ ಕಂಪನಿ. ಒಂದು ಸಣ್ಣ ಕನ್ಸಲ್ಟೆನ್ಸಿ, ಒಂದು ಅಪಾರ್ಟ್‌ಮೆಂಟಿನಲ್ಲಿ ಎಂಟು ಹುಡುಗರು, ಮೂರು ತಿಂಗಳು ಸಂಬಳವಿಲ್ಲದ 'ಟ್ರೈನಿಂಗ್', ಮೊದಲೇ ಕಟ್ಟಬೇಕಾದ ಡಿಪಾಸಿಟ್. ಕೊನೆಗೆ, ಇಲ್ಲದ ಐದು ವರ್ಷದ ಅನುಭವವನ್ನು ರೆಸ್ಯೂಮೆಗೆ ಸೇರಿಸಲು ಹೇಳಿದರು. ಹೇಳಿದವರು ತೆಲುಗಿನವರೋ ಗುಜರಾತಿಯವರೋ ಎಂದು ಊಹಿಸಬೇಡಿ, ಚೆನ್ನಾಗಿ ಕನ್ನಡ ಮಾತಾಡುವವರೇ, "ನಮ್ಮ ಹುಡುಗ ನೀನು" ಎಂದು ಹೆಗಲ ಮೇಲೆ ಕೈ ಹಾಕಿದವರೇ. ಗೆಳೆಯ ಅವತ್ತೇ ಅಲ್ಲಿಂದ ಹೊರಟ. ಇಂಥ ಕಡೆ ಆಡಳಿತ ಕೆಟ್ಟಿದೆ ಎನ್ನುವ ಮಾತೇ ಸಲ್ಲದು. ಅಲ್ಲಿ ಹುಡುಗರೇ ಸರಕು. ಕಂಪನಿಯೇ ಬೋಗಸ್ ಆಗಿದ್ದರೆ ಪೆಟ್ಟು ವಿದ್ಯಾರ್ಥಿಗೇ ಬೀಳುತ್ತದೆ. ಇಲ್ಲದ ಕಂಪನಿಗಳಲ್ಲಿ ಕೆಲಸ ಮಾಡುತ್ತಿದ್ದೇವೆಂದು ಓಪಿಟಿ ದಾಖಲೆಯಲ್ಲಿ ತೋರಿಸಿದ್ದ 15 ವಿದ್ಯಾರ್ಥಿಗಳನ್ನು 2020ರ ಅಕ್ಟೋಬರ್‌ನಲ್ಲಿ ಇಮಿಗ್ರೇಷನ್‌ನವರು ಬಂಧಿಸಿದ್ದು ಪತ್ರಿಕೆಗಳಲ್ಲಿ ಬಂದಿತ್ತು.

ಸಂಬಳವಿಲ್ಲದ ಇಂಟರ್ನ್‌ಶಿಪ್ ಕಾನೂನುಬದ್ಧವೇ ಎಂದು ತುಂಬ ಜನ ಕೇಳುತ್ತಾರೆ. ಒಮ್ಮೊಮ್ಮೆ ಹೌದು. 'ಬ್ಲ್ಯಾಕ್ ಸ್ವಾನ್' ಸಿನಿಮಾದ ತಯಾರಿಯಲ್ಲಿ ಸಂಬಳವಿಲ್ಲದೆ ದುಡಿದ ಇಬ್ಬರು ಇಂಟರ್ನ್‌ಗಳು 2011ರಲ್ಲಿ ಫಾಕ್ಸ್ ಸರ್ಚ್‌ಲೈಟ್ ಮೇಲೆ ಕೇಸು ಹಾಕಿದರು. 2013ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು ಇವರು ನೌಕರರೇ ಎಂದರು. 2015ರಲ್ಲಿ ಮೇಲ್ಮನವಿ ಕೋರ್ಟು ಆ ತೀರ್ಪನ್ನು ಬದಿಗಿಟ್ಟು, ಈ ಸಂಬಂಧದಿಂದ ಮುಖ್ಯವಾಗಿ ಲಾಭ ಯಾರಿಗೆ, ಇಂಟರ್ನ್‌ಗೋ ಕಂಪನಿಗೋ ಎಂದು ನೋಡಬೇಕೆಂದಿತು. 2018ರ ಜನವರಿಯಲ್ಲಿ ಫೆಡರಲ್ ಕಾರ್ಮಿಕ ಇಲಾಖೆಯೂ ಇದೇ ಅಳತೆಗೋಲನ್ನು ಒಪ್ಪಿಕೊಂಡಿತು. ಓದಿಗೆ ಹೊಂದುವ ತರಬೇತಿ ಸಿಕ್ಕುತ್ತಿದೆಯೇ, ಸಂಬಳ ಕೊಡುವ ನೌಕರರ ಕೆಲಸವನ್ನೇ ಇವನಿಂದ ಮಾಡಿಸಿಕೊಳ್ಳುತ್ತಿದ್ದಾರೆಯೇ ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ಲಾಭಕ್ಕಾಗಿ ನಡೆಯುವ ಕಂಪನಿ ಬಿಟ್ಟಿಯಾಗಿ ದುಡಿಸಿಕೊಂಡು ಏನೂ ಕಲಿಸದಿದ್ದರೆ, ಸಂಬಳ ಕೇಳುವ ಹಕ್ಕು ಇರಬಹುದು. ಇಲ್ಲೂ ಆ ನಾಲ್ಕು ಸಾಲಿನ ಡೈರಿಯೇ ಬಾಯಿ.

ಒಪ್ಪಿಕೊಂಡ ಸಂಬಳವನ್ನೇ ಕೊಡದಿದ್ದರೆ ದಾರಿ ಇನ್ನೂ ನೇರ. ಆಸ್ಟಿನ್ನಿನಲ್ಲಿ ನಮ್ಮ ಎರಡನೇ ಚೆಕ್ ಒಂಬತ್ತು ದಿನ ತಡವಾಗಿತ್ತು. ಆಫರ್ ಲೆಟರಿನ ತಾರೀಕು, ಸಂಬಳದ ತಾರೀಕು ಎರಡನ್ನೂ ಬರೆದು ಒಂದು ಶಾಂತವಾದ ಈಮೇಲ್ ಕಳಿಸಿದೆವು, ಎರಡು ದಿನದಲ್ಲಿ ಬಂತು. ಬಾರದಿದ್ದರೆ ಟೆಕ್ಸಾಸಿನಲ್ಲಿ ಪೇಡೇ ಕಾನೂನು ಇದೆ. ಕೆಲಸದಿಂದ ತೆಗೆದರೆ ಕೊನೆಯ ಸಂಬಳ ಆರು ದಿನದೊಳಗೆ ಕೊಡಬೇಕು. ನೀವಾಗಿಯೇ ಬಿಟ್ಟರೆ ಮುಂದಿನ ಮಾಮೂಲು ಸಂಬಳದ ದಿನಕ್ಕೆ ಕೊಡಬೇಕು. ಕೊಡದಿದ್ದರೆ ಟೆಕ್ಸಾಸ್ ವರ್ಕ್‌ಫೋರ್ಸ್ ಕಮಿಷನ್‌ಗೆ ದೂರು ಕೊಡಬಹುದು, ಸಂಬಳ ಬರಬೇಕಾಗಿದ್ದ ದಿನದಿಂದ 180 ದಿನದೊಳಗೆ. ಊರಿಗೆ ಹೋಗಿ ಬಂದು ನೋಡೋಣ ಎಂದು ಮುಂದೂಡಿದವರಿಗೆ ಈ ಗಡುವು ತಪ್ಪುತ್ತದೆ.

ಬಿಡಬೇಕೆಂದು ತೀರ್ಮಾನಿಸಿದರೆ? ಬೆಂಗಳೂರಿನ ಅಭ್ಯಾಸದಲ್ಲಿ ನಮ್ಮವರು ರಿಲೀವಿಂಗ್ ಲೆಟರ್, ನೋಟಿಸ್ ಪೀರಿಯಡ್ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಟೆಕ್ಸಾಸಿನಲ್ಲಿ ಸಾಮಾನ್ಯವಾಗಿ ಯಾವ ದಿನ ಬೇಕಾದರೂ ಕಂಪನಿ ಬೇಡ ಎನ್ನಬಹುದು, ನೀವೂ ಬರುವುದಿಲ್ಲ ಎನ್ನಬಹುದು. ಸಹಿ ಹಾಕಿದ ಕಾಗದದಲ್ಲಿ ಬೇರೇನಾದರೂ ಇದೆಯೇ ಎಂದು ಮಾತ್ರ ಓದಿಕೊಳ್ಳಿ. ಎರಡು ವಾರ ಮುಂಚೆ ಹೇಳುವುದು ಇಲ್ಲಿನ ಮರ್ಯಾದೆ. ಮುಂದಿನ ಇಂಟರ್‌ವ್ಯೂನಲ್ಲಿ ಹಳೆಯ ಕಂಪನಿಯನ್ನು ದೂರಬೇಕಾಗಿಲ್ಲ. "ಪ್ರಾಜೆಕ್ಟ್ ಮಧ್ಯದಲ್ಲಿ ನಿಂತಿತು, ನಾನು ಇಷ್ಟು ಮಾಡಿದ್ದೆ, ಇದನ್ನು ಕಲಿತೆ" ಎಂದರೆ ಸಾಕು. ನಮಗೆ ಮುಂದಿನ ಕೆಲಸಕ್ಕೆ ಶಿಫಾರಸು ಬರೆದುಕೊಟ್ಟವರು ಆ ಮೂವರು ಮ್ಯಾನೇಜರುಗಳಲ್ಲಿ ಯಾರೂ ಅಲ್ಲ, ಮಂಗಳವಾರದ ಅರ್ಧ ಗಂಟೆಯ ಆ ಹಿರಿಯರು. ನಮ್ಮ ಕೆಲಸ ಕಣ್ಣಾರೆ ನೋಡಿದ್ದವರು ಅವರೊಬ್ಬರೇ.

ನಿಮ್ಮ ಮನೆಯ ಮಕ್ಕಳಿಗೆ ಈ ಬೇಸಿಗೆಗೆ ಆಫರ್ ಬಂದಿದ್ದರೆ, ಮೇಲ್ವಿಚಾರಕರ ಹೆಸರು ಅದರಲ್ಲಿ ಇದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಸಹಿ ಹಾಕುವ ಮುಂಚೆ ಕೇಳಲು ಹೇಳಿ, ಕೇಳಿದ್ದಕ್ಕೆ ಆಫರ್ ವಾಪಸ್ ಪಡೆದ ಕಂಪನಿಯನ್ನು ನಾವಿನ್ನೂ ಕಂಡಿಲ್ಲ. ಅನುಮಾನವಿದ್ದರೆ ಸಂಘದ ಮುಂದಿನ ಕಾರ್ಯಕ್ರಮಕ್ಕೆ ಬರುವಾಗ ಆ ಕಾಗದ ಜೊತೆಗೆ ತನ್ನಿ. ಬಿಸಿಬೇಳೆಬಾತಿನ ಸಾಲು ಹೇಗೂ ಉದ್ದವಿರುತ್ತದೆ, ನಿಂತಲ್ಲೇ ಒಟ್ಟಿಗೆ ಓದೋಣ.